ಸೀಲಿಂಗಿನ ಬಿಳಿ ಡಬ್ಬಿ ಹೊಗೆಯನ್ನು ಕಾಣುವುದು ಹೇಗೆ?

ಮಕ್ಕಳೇ, ಕುಂದಲಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ಇಳಿದು ಬ್ರೂಕ್‌ಫೀಲ್ಡ್ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಕಟ್ಟಡಗಳದೇ ಸಾಲು. ಅಪಾರ್ಟ್‌ಮೆಂಟು, ಪಿ.ಜಿ., ಆಸ್ಪತ್ರೆ, ಶಾಲೆ, ಕಂಪನಿಗಳ ಕಚೇರಿ ಎಲ್ಲವೂ ಇವೆ. ಅವುಗಳಲ್ಲಿ ಯಾವುದಾದರೂ ದೊಡ್ಡ ಕಟ್ಟಡದೊಳಗೆ ಹೋದಾಗ ಒಮ್ಮೆ ಕತ್ತೆತ್ತಿ ನೋಡಿ. ಅಂಗೈಯಗಲದ ದುಂಡನೆಯ ಬಿಳಿ ಡಬ್ಬಿಯೊಂದು ಸೀಲಿಂಗಿಗೆ ಅಂಟಿಕೊಂಡಿರುತ್ತದೆ. ಅದರ ಸುತ್ತ ಸಣ್ಣ ಸೀಳುಗಳಿರುತ್ತವೆ, ಒಂದು ಪುಟ್ಟ ಕೆಂಪು ದೀಪ ಆಗಾಗ ಮಿಣುಕುತ್ತಿರುತ್ತದೆ. ಎಷ್ಟೋ ಜನ ಅದನ್ನು ಕ್ಯಾಮೆರಾ ಎಂದುಕೊಂಡು ಸುಮ್ಮನಾಗುತ್ತಾರೆ. ಅದು ಕ್ಯಾಮೆರಾ ಅಲ್ಲ, ಹೊಗೆಯನ್ನು ಪತ್ತೆ ಹಚ್ಚುವ ಸ್ಮೋಕ್ ಡಿಟೆಕ್ಟರ್.

ಬೆಂಕಿಯನ್ನು ಆರಿಸುವ ಶಕ್ತಿ ಈ ಡಬ್ಬಿಗಿಲ್ಲ. ಅದರೊಳಗೆ ನೀರೂ ಇಲ್ಲ, ನೊರೆಯೂ ಇಲ್ಲ. ಅದು ನಮಗೆ ಕೊಡುವುದು ಒಂದನ್ನೇ, ಸಮಯವನ್ನು. ಬೆಂಕಿ ಇನ್ನೂ ಚಿಕ್ಕದಿರುವಾಗಲೇ ಎಚ್ಚರಿಸಿ, ಹೊರಗೆ ನಡೆದುಹೋಗಲು ಬೇಕಾದ ನಿಮಿಷಗಳನ್ನು ಗಳಿಸಿಕೊಡುತ್ತದೆ. ಆ ನಿಮಿಷಗಳನ್ನು ಅದು ಹೇಗೆ ಗಳಿಸುತ್ತದೆ, ನಾವು ಅವನ್ನು ಹೇಗೆ ಬಳಸಬೇಕು ಎಂಬುದನ್ನು ಇವತ್ತು ತಿಳಿಯೋಣ.

ಹುಡುಕುವುದು ಹೊಗೆಯನ್ನೇ ಏಕೆ?

ಕಟ್ಟಡಗಳಲ್ಲಿ ಬೆಂಕಿ ಸಾಮಾನ್ಯವಾಗಿ ಒಮ್ಮೆಲೇ ಧಗ್ಗನೆ ಏಳುವುದಿಲ್ಲ. ಗೋಡೆಯೊಳಗಿನ ವೈರು ಬಿಸಿಯಾಗಿ ಅದರ ಪ್ಲಾಸ್ಟಿಕ್ ಹೊದಿಕೆ ಕರಗುತ್ತದೆ, ಸೋಫಾದ ಒಳಗಿನ ಸ್ಪಂಜು ಒಳಗೊಳಗೇ ಬೇಯುತ್ತದೆ. ಜ್ವಾಲೆ ಕಾಣುವ ಮೊದಲೇ ಹೊಗೆ ಹೊರಟಿರುತ್ತದೆ. ಬಿಸಿ ಗಾಳಿ ಸುತ್ತಲಿನ ತಣ್ಣನೆ ಗಾಳಿಗಿಂತ ಹಗುರವಾದ್ದರಿಂದ ಅದು ಹೊಗೆಯನ್ನೂ ಎತ್ತಿಕೊಂಡು ಸೀದಾ ಮೇಲಕ್ಕೆ ಹೋಗಿ, ಸೀಲಿಂಗಿಗೆ ತಾಗಿ, ಅಲ್ಲಿಂದ ನಾಲ್ಕೂ ಕಡೆಗೆ ಹರಡುತ್ತದೆ. ಡಬ್ಬಿಯನ್ನು ಸೀಲಿಂಗಿನಲ್ಲಿ ಕೂರಿಸಿರುವುದು ಅದಕ್ಕೇ.

ಇನ್ನೊಂದು ಕಾರಣವೂ ಇದೆ. ಬೆಂಕಿಯ ಅವಘಡಗಳಲ್ಲಿ ಜ್ವಾಲೆಗಿಂತ ಹೆಚ್ಚು ಅಪಾಯ ಹೊಗೆಯಿಂದ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೊಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಷ್ಟು ಬಿಗಿಯಾಗಿ ಅಂಟಿತೆಂದರೆ ಆಮ್ಲಜನಕಕ್ಕೆ ಜಾಗವೇ ಸಿಗದೆ ಉಸಿರಾಡುವವರಿಗೆ ಮಂಪರು ಬರುತ್ತದೆ.

ವಾಸನೆ ಬಂದರೆ ಎಚ್ಚರವಾಗುತ್ತದಲ್ಲ ಎಂದು ನೀವು ಕೇಳಬಹುದು. ಎಚ್ಚರವಿದ್ದಾಗ ನಿಜ, ಆದರೆ ಗಾಢ ನಿದ್ದೆಯಲ್ಲಿ ಮೂಗಿನ ಮಾತನ್ನು ನಂಬುವಂತಿಲ್ಲ. ಮಲಗಿದವರನ್ನು ಬರೀ ವಾಸನೆ ಎಬ್ಬಿಸುವುದು ಅಪರೂಪ. ದೊಡ್ಡ ಸದ್ದು ಎಬ್ಬಿಸುತ್ತದೆ. ಆದ್ದರಿಂದಲೇ ಹೊಗೆಯ ಸುದ್ದಿಯನ್ನು ಸದ್ದಾಗಿ ಬದಲಿಸುವ ಯಂತ್ರ ಬೇಕಾಯಿತು.

ಹಾಗಾದರೆ ಕಿವಿ ಕೇಳಿಸದವರ ಗತಿಯೇನು? ಅವರಿಗಾಗಿ ಜೋರಾಗಿ ಮಿಂಚುವ ದೀಪಗಳಿವೆ, ದಿಂಬಿನ ಕೆಳಗೆ ಇಟ್ಟರೆ ಅದುರುವ ಸಾಧನಗಳಿವೆ. ಜಪಾನಿನ ಸಂಶೋಧಕರು ಇನ್ನೂ ಮುಂದೆ ಹೋಗಿ, ವಸಾಬಿ ಎಂಬ ಗೆಡ್ಡೆಯ ಘಾಟನ್ನು ಗಾಳಿಗೆ ಎರಚುವ ಅಲಾರಂ ಮಾಡಿದರು. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆಂದೇ ಇರುವ ಇಗ್ ನೊಬೆಲ್ ಬಹುಮಾನ 2011ರಲ್ಲಿ ಅವರಿಗೆ ಬಂತು. ವಾಸನೆಗೆ ಏಳದವರು ಘಾಟಿಗೆ ಏಳುತ್ತಾರೆ, ಏಕೆಂದರೆ ಘಾಟು ಬರೀ ವಾಸನೆಯಲ್ಲ, ಮೂಗಿನ ನರಗಳಿಗೆ ಆಗುವ ಉರಿ. ನಮ್ಮ ಸಾಸಿವೆಯನ್ನು ಅರೆದಾಗ ಮೂಗಿಗೆ ಅಡರುತ್ತದಲ್ಲ, ಆ ಘಾಟಿನ ಹಿಂದೆಯೂ ಅದೇ ಜಾತಿಯ ರಾಸಾಯನಿಕವಿದೆ.

ಟಾರ್ಚು, ಊದುಬತ್ತಿ ಮತ್ತು ಕತ್ತಲ ಕೋಣೆ

ಡಬ್ಬಿಯ ಒಳಗುಟ್ಟು ತಿಳಿಯಲು ಒಂದು ಪ್ರಯೋಗ ಮಾಡಿ. ಅಮ್ಮನೋ ಅಪ್ಪನೋ ಅಜ್ಜಿಯೋ ಜೊತೆಗಿರಲಿ. ರಾತ್ರಿ ಕೋಣೆಯ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಹಿಡಿಯಿರಿ. ಗೋಡೆಯ ಮೇಲೆ ಬೆಳಕಿನ ವೃತ್ತ ಕಾಣುತ್ತದೆ. ಆದರೆ ಟಾರ್ಚಿನಿಂದ ಗೋಡೆಯವರೆಗೆ ಬೆಳಕು ಸಾಗಿದ ದಾರಿ ಕಂಡೂ ಕಾಣದಂತಿರುತ್ತದೆ. ಈಗ ಹಿರಿಯರ ಕೈಯಲ್ಲಿರುವ ಊದುಬತ್ತಿಯ ಹೊಗೆ ಆ ದಾರಿಗೆ ಅಡ್ಡ ಬರಲಿ. ನೋಡಿದಿರಾ? ಕಾಣದಿದ್ದ ಬೆಳಕಿನ ಕೋಲು ಥಟ್ಟನೆ ಎದ್ದು ಕಾಣುತ್ತದೆ. ಅದರೊಳಗೆ ಹೊಗೆಯ ಎಳೆಗಳು ಸುತ್ತಿ ಸುಳಿದು ಮೇಲೇರುತ್ತವೆ.

ಬೆಳಕು ಮೊದಲೂ ಅಲ್ಲೇ ಇತ್ತು, ಆದರೆ ಅದು ನೇರವಾಗಿ ಗೋಡೆಗೆ ಹೋಗುತ್ತಿತ್ತು, ಪಕ್ಕದಲ್ಲಿ ನಿಂತ ನಿಮ್ಮ ಕಣ್ಣಿಗೆ ಬರುತ್ತಿರಲಿಲ್ಲ. ಹೊಗೆಯ ಕಣಗಳು ಅಡ್ಡ ಬಂದಾಗ ಬೆಳಕು ಅವುಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚದುರಿತು. ಹಾಗೆ ಚದುರಿದ ಬೆಳಕಿನ ಒಂದು ಪಾಲು ನಿಮ್ಮ ಕಣ್ಣು ತಲುಪಿತು. ಗಾಳಿಯಲ್ಲಿ ತೇಲುವ ಸಣ್ಣ ಕಣಗಳು ಬೆಳಕನ್ನು ಚದುರಿಸುವ ಬಗೆಯನ್ನು 19ನೇ ಶತಮಾನದಲ್ಲಿ ಜಾನ್ ಟಿಂಡಾಲ್ ಎಂಬ ವಿಜ್ಞಾನಿ ಅಭ್ಯಾಸ ಮಾಡಿದ್ದರು. ಮುಂದೆ ನಮ್ಮ ಬೆಂಗಳೂರಿನಲ್ಲೇ ನೆಲೆಸಿದ ಸರ್ ಸಿ. ವಿ. ರಾಮನ್ ಅವರಿಗೆ 1930ರಲ್ಲಿ ನೊಬೆಲ್ ಬಂದದ್ದೂ ಬೆಳಕಿನ ಚದುರುವಿಕೆಯ ಅಧ್ಯಯನಕ್ಕೇ. ಅವರು ಕಂಡುಹಿಡಿದದ್ದು ಬೇರೊಂದು ಬಗೆಯ, ಇನ್ನೂ ಸೂಕ್ಷ್ಮವಾದ ಚದುರುವಿಕೆ.

ಡಬ್ಬಿಯೊಳಗೆ ನಡೆಯುವುದೂ ನಿಮ್ಮ ಪ್ರಯೋಗವೇ. ಒಳಗೆ ಒಂದು ಪುಟ್ಟ ಕಪ್ಪು ಕೋಣೆ. ಹೊರಗಿನ ಬೆಳಕು ನುಸುಳದಂತೆ, ಆದರೆ ಗಾಳಿ ಮಾತ್ರ ಓಡಾಡುವಂತೆ ಅದರ ಗೋಡೆಗಳನ್ನು ಓರೆ ಓರೆಯಾಗಿ ಮಡಚಿರುತ್ತಾರೆ. ಒಂದು ಬದಿಯಲ್ಲಿ ಸಣ್ಣ ಎಲ್‌ಇಡಿ ಇರುತ್ತದೆ. ಅದು ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಿಡುತ್ತದೆ. ಇನ್ನೊಂದು ಬದಿಯಲ್ಲಿ ಬೆಳಕು ಬಿದ್ದರೆ ವಿದ್ಯುತ್ ಹುಟ್ಟಿಸುವ ಫೋಟೊಡಯೋಡ್ ಇರುತ್ತದೆ. ಇವೆರಡನ್ನೂ ಎದುರುಬದುರಾಗಿ ಇಡದೆ ಒಂದು ಕೋನದಲ್ಲಿ ಇಟ್ಟಿರುತ್ತಾರೆ. ಗಾಳಿ ಶುದ್ಧವಾಗಿದ್ದರೆ ಎಲ್‌ಇಡಿಯ ಬೆಳಕು ಫೋಟೊಡಯೋಡನ್ನು ಮುಟ್ಟುವುದಿಲ್ಲ. ಹೊಗೆ ಒಳಬಂದ ಕೂಡಲೇ ಬೆಳಕು ಚದುರಿ ಅದರ ಮೇಲೆ ಬೀಳುತ್ತದೆ. ಸಣ್ಣ ವಿದ್ಯುತ್ ಹರಿಯುತ್ತದೆ. ಹರಿದ ವಿದ್ಯುತ್ತು ಗೊತ್ತುಪಡಿಸಿದ ಮಿತಿ ದಾಟಿದರೆ ಕೆಂಪು ದೀಪ ಮಿಣುಕುವುದನ್ನು ಬಿಟ್ಟು ಒಂದೇ ಸಮನೆ ಉರಿಯುತ್ತದೆ.

ಹೊಗೆ ಹುಡುಕುವ ಇನ್ನೊಂದು ಬಗೆಯ ಡಬ್ಬಿಯೂ ಇದೆ. ಅದು ಹುಟ್ಟಿದ ಕಥೆ ಸೊಗಸಾಗಿದೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್ ಎಂಬ ಭೌತವಿಜ್ಞಾನಿ ವಿಷಾನಿಲವನ್ನು ಪತ್ತೆ ಹಚ್ಚುವ ಸಾಧನ ಮಾಡಲು ಹೊರಟಿದ್ದರು. ವಿಷಾನಿಲಕ್ಕೆ ಅದರ ಮುಳ್ಳು ಅಲ್ಲಾಡಲಿಲ್ಲ. ಬೇಸರದಿಂದ ಅವರು ಸಿಗರೇಟು ಹಚ್ಚಿದಾಗ ಮುಳ್ಳು ಸರಕ್ಕನೆ ಸರಿಯಿತು. ವಿಷಾನಿಲದ ಸಾಧನ ಕೈಗೂಡಲಿಲ್ಲ, ಹೊಗೆಯ ಸಾಧನಕ್ಕೆ ದಾರಿ ಸಿಕ್ಕಿತು. ಇಂಥ ಡಬ್ಬಿಗಳಲ್ಲಿ ಇವತ್ತು ಅಮೆರಿಸಿಯಂ-241 ಎಂಬ ವಿಕಿರಣಶೀಲ ಧಾತುವನ್ನು ಅತಿ ಅತಿ ಕಡಿಮೆ ಪ್ರಮಾಣದಲ್ಲಿ ಇಟ್ಟಿರುತ್ತಾರೆ. ಅದು ಒಳಗಿನ ಗಾಳಿಯಲ್ಲಿ ಅಯಾನುಗಳನ್ನು ಹುಟ್ಟಿಸಿ ಸಣ್ಣ ವಿದ್ಯುತ್ ಹರಿಯುವಂತೆ ಮಾಡುತ್ತದೆ, ಹೊಗೆ ಬಂದರೆ ಆ ಹರಿವು ಕುಗ್ಗುತ್ತದೆ. ಒಳಗೆ ವಿಕಿರಣಶೀಲ ಧಾತು ಇರಬಹುದಾದ್ದರಿಂದ ಸೀಲಿಂಗಿನ ಡಬ್ಬಿ ಕೆಳಗೆ ಬಿದ್ದರೂ ಅದನ್ನು ಬಿಚ್ಚಿ ಆಟವಾಡಬೇಡಿ, ದೊಡ್ಡವರಿಗೆ ತಿಳಿಸಿ.

ಅಡುಗೆಮನೆಗೆ ಬೇರೆ ಕಾವಲು

ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟರೆ ಮನೆಯೆಲ್ಲ ಕೆಮ್ಮುತ್ತದೆ. ದೋಸೆ ಹೆಂಚಿನಿಂದ ಹೊಗೆ, ಕುಕ್ಕರಿನಿಂದ ಹಬೆ. ಹೊಗೆ ಹುಡುಕುವ ಡಬ್ಬಿಯನ್ನು ಅಡುಗೆಮನೆಯಲ್ಲಿ ಇಟ್ಟರೆ ದಿನವೂ ಅದು ಕೂಗಿಕೊಳ್ಳುತ್ತದೆ. ಆದ್ದರಿಂದ ಅಡುಗೆಮನೆ, ಕ್ಯಾಂಟೀನುಗಳಲ್ಲಿ ಶಾಖ ಅಳೆಯುವ ಹೀಟ್ ಡಿಟೆಕ್ಟರ್ ಇಡುತ್ತಾರೆ. ಇದರಲ್ಲಿ ಎರಡು ಬಗೆ. ಒಂದು, ಸುಮಾರು 57 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಎಚ್ಚರಿಸುವಂಥದು. ಬೆಂಗಳೂರಿನ ಕಡು ಬೇಸಿಗೆಯಾದ 2016ರ ಏಪ್ರಿಲ್‌ನಲ್ಲೂ ತಾಪಮಾನ ಏರಿದ್ದು 39.2 ಡಿಗ್ರಿಗೆ. ಆದ್ದರಿಂದ ಬರೀ ಬಿಸಿಲಿಗೆ ಅದು ಮೋಸಹೋಗದು. ಇನ್ನೊಂದು ಬಗೆ ಏರಿಕೆಯ ವೇಗವನ್ನು ನೋಡುತ್ತದೆ. ತಾಪಮಾನ ನಿಮಿಷಕ್ಕೆ ಏಳೆಂಟು ಡಿಗ್ರಿ ಏರತೊಡಗಿತೆಂದರೆ ಅದು ಒಲೆಯ ಬಿಸಿಯಲ್ಲ, ಬೆಂಕಿಯ ಬಿಸಿ ಎಂದು ತೀರ್ಮಾನಿಸುತ್ತದೆ.

ಗ್ಯಾಸ್ ಸೋರಿದರೆ ಹೇಳುವ ಡಿಟೆಕ್ಟರ್ ಇನ್ನೊಂದು. ಅದನ್ನು ಎಲ್ಲಿ ಇಡಬೇಕು, ಮೇಲೋ ಕೆಳಗೋ? ಉತ್ತರ ನಿಮ್ಮ ಮನೆಗೆ ಬರುವ ಗ್ಯಾಸ್ ಯಾವುದು ಎಂಬುದರ ಮೇಲಿದೆ. ಸಿಲಿಂಡರಿನ ಎಲ್‌ಪಿಜಿಯಲ್ಲಿ ಪ್ರೊಪೇನ್, ಬ್ಯೂಟೇನ್ ಇರುತ್ತವೆ. ಬೆಂಗಳೂರಿನ ಅನೇಕ ಅಪಾರ್ಟ್‌ಮೆಂಟುಗಳಿಗೆ ಗೇಲ್ ಗ್ಯಾಸ್ ಸಂಸ್ಥೆ ಪೈಪಿನಲ್ಲಿ ಕಳುಹಿಸುವ ನೈಸರ್ಗಿಕ ಅನಿಲದಲ್ಲಿ ಮುಖ್ಯವಾಗಿ ಇರುವುದು ಮೀಥೇನ್. ಅಣುಗಳ ತೂಕ ಹೋಲಿಸಿ: ಗಾಳಿಯದು ಸರಾಸರಿ 29, ಪ್ರೊಪೇನಿನದು 44, ಬ್ಯೂಟೇನಿನದು 58, ಮೀಥೇನಿನದು ಬರೀ 16. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಅದರ ಡಿಟೆಕ್ಟರ್ ನೆಲದ ಹತ್ತಿರ ಇರಬೇಕು. ಪೈಪಿನ ಗ್ಯಾಸು ಹಗುರ, ಮೇಲೇರುತ್ತದೆ. ಅದರ ಡಿಟೆಕ್ಟರ್ ಸೀಲಿಂಗಿನ ಹತ್ತಿರ ಇರಬೇಕು. ಸಿಲಿಂಡರು ಬಿಟ್ಟು ಪೈಪಿಗೆ ಬದಲಾದ ಮನೆಯವರು ಈ ಜಾಗವನ್ನೂ ಬದಲಿಸಿದ್ದಾರೆಯೇ ಎಂದು ನೋಡಬೇಕು.

ತಂತಿ ಕಡಿದರೆ ಗೊತ್ತಾಗುವುದು ಹೇಗೆ?

ದೊಡ್ಡ ಕಟ್ಟಡದಲ್ಲಿ ಇಂಥ ನೂರಾರು ಡಬ್ಬಿಗಳಿರುತ್ತವೆ. ಅವೆಲ್ಲದರ ತಂತಿಗಳು ಕೆಳಗಿನ ಸೆಕ್ಯುರಿಟಿ ಕೋಣೆಯ ಒಂದು ಪ್ಯಾನೆಲ್ಲಿಗೆ ಬಂದು ಸೇರುತ್ತವೆ. ಹೊಸ ಬಗೆಯ ಪ್ಯಾನೆಲ್ಲುಗಳಲ್ಲಿ ಪ್ರತಿ ಡಬ್ಬಿಗೂ ಒಂದು ವಿಳಾಸ ಇರುತ್ತದೆ. ಆರನೆಯ ಮಹಡಿಯ ಕಾಗದಪತ್ರದ ಕೋಣೆಯಲ್ಲಿ ಹೊಗೆ ಎದ್ದರೆ ಪರದೆಯ ಮೇಲೆ ಆ ಕೋಣೆಯ ಹೆಸರೇ ಮೂಡುತ್ತದೆ.

ಈಗ ಒಂದು ಒಗಟು. ಡಬ್ಬಿ ಸುಮ್ಮನಿದೆ ಎಂದರೆ ಹೊಗೆಯಿಲ್ಲ ಎಂದು ಅರ್ಥವೇ? ಇಲಿ ಬಂದು ತಂತಿ ಕಡಿದಿದ್ದರೂ ಅದು ಸುಮ್ಮನೇ ಇರುತ್ತದಲ್ಲ? ಎಂಜಿನಿಯರುಗಳು ಇದಕ್ಕೆ ಚೆಂದದ ಉಪಾಯ ಹುಡುಕಿದ್ದಾರೆ. ಸರಳ ಪ್ಯಾನೆಲ್ಲುಗಳಲ್ಲಿ ತಂತಿಯ ಕಟ್ಟಕಡೆಗೆ ಒಂದು ಸಣ್ಣ ರೆಸಿಸ್ಟರ್, ಅಂದರೆ ವಿದ್ಯುತ್ತಿನ ಹರಿವಿಗೆ ತಡೆ ಒಡ್ಡುವ ಬಿಡಿಭಾಗ ಕೂರಿಸುತ್ತಾರೆ. ಎಲ್ಲವೂ ಸರಿಯಿದ್ದಾಗ ಆ ರೆಸಿಸ್ಟರಿನ ಮೂಲಕ ಹಗಲಿರುಳೂ ಸಣ್ಣಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಯಾವುದಾದರೂ ಡಬ್ಬಿ ಹೊಗೆ ಕಂಡರೆ ಹರಿವು ಜಾಸ್ತಿಯಾಗುತ್ತದೆ, ಪ್ಯಾನೆಲ್ಲಿನಲ್ಲಿ ಕೆಂಪು ದೀಪ. ತಂತಿ ತುಂಡಾದರೆ ಹರಿವು ನಿಂತೇಹೋಗುತ್ತದೆ, ಹಳದಿ ದೀಪ. ಹರಿವು ಎಂದಿನಂತಿದ್ದರೆ ಹಸಿರು ದೀಪ. ಹೀಗೆ ಮೌನವೂ ಒಂದು ಉತ್ತರವಾಗುತ್ತದೆ. ಕರೆಂಟು ಹೋದರೂ ಕಾವಲು ನಿಲ್ಲದಿರಲೆಂದು ಪ್ಯಾನೆಲ್ಲಿಗೆ ಬ್ಯಾಟರಿ ಇರುತ್ತದೆ. ಈ ಡಬ್ಬಿ, ತಂತಿ, ಪ್ಯಾನೆಲ್ಲುಗಳನ್ನು ಹೇಗೆ ಕೂರಿಸಬೇಕು, ಹೇಗೆ ಕಾಪಾಡಬೇಕು ಎಂದು ಹೇಳುವ ಐಎಸ್ 2189 ಎಂಬ ಭಾರತೀಯ ಮಾನಕವೂ ಇದೆ.

ಹೊಗೆಯ ಸುದ್ದಿ ಪ್ಯಾನೆಲ್ಲಿಗೆ ಮುಟ್ಟಿ ಗಂಟೆ ಹೊಡೆದ ಮೇಲೆ ಒಳ್ಳೆಯ ಕಟ್ಟಡವೊಂದರಲ್ಲಿ ಎಷ್ಟೆಲ್ಲ ನಡೆಯುತ್ತದೆ ನೋಡಿ. ಹೂಟರ್ ಕೂಗುತ್ತದೆ. ಲಿಫ್ಟುಗಳು ನೆಲಮಹಡಿಗೆ ಇಳಿದು ಬಾಗಿಲು ತೆರೆದು ನಿಲ್ಲುತ್ತವೆ. ಕಾರ್ಡು ತೋರಿಸಿದರಷ್ಟೇ ತೆರೆಯುವ ಕಚೇರಿ ಬಾಗಿಲುಗಳು ತಾವಾಗಿ ಬೀಗ ಕಳಚಿಕೊಳ್ಳುತ್ತವೆ. ಹೊಗೆಯನ್ನು ಎಲ್ಲ ಕಡೆ ಹಂಚದಿರಲೆಂದು ಎ.ಸಿ.ಯ ಫ್ಯಾನುಗಳು ನಿಲ್ಲುತ್ತವೆ. ಎತ್ತರದ ಕಟ್ಟಡವಾದರೆ ಮೆಟ್ಟಿಲಿನ ಕಡೆಗೆ ಹೊಸ ಗಾಳಿ ತುಂಬುವ ಫ್ಯಾನುಗಳು ಶುರುವಾಗಿ ಹೊಗೆಯನ್ನು ಅಲ್ಲಿಂದ ಹೊರಗೇ ತಡೆಯುತ್ತವೆ.

ಡಬ್ಬಿಯ ಪಕ್ಕದಲ್ಲೇ ಕೆಂಪು ದ್ರವ ತುಂಬಿದ ಪುಟ್ಟ ಗಾಜಿನ ನಳಿಕೆಯಿರುವ ಸ್ಪ್ರಿಂಕ್ಲರ್ ಕಂಡಿರಬಹುದು. ಸಿನಿಮಾಗಳಲ್ಲಿ ಒಂದು ಕಡೆ ಹೊಗೆ ಬಂದರೆ ಇಡೀ ಕಟ್ಟಡದಲ್ಲಿ ಮಳೆ ಸುರಿಯುತ್ತದೆ. ನಿಜದಲ್ಲಿ ಹಾಗಿಲ್ಲ. ಕೆಂಪು ದ್ರವದ ನಳಿಕೆ ಸುಮಾರು 68 ಡಿಗ್ರಿ ಶಾಖಕ್ಕೆ ಒಡೆಯುತ್ತದೆ. ಒಳಗಿನ ದ್ರವ ಬಿಸಿಗೆ ಹಿಗ್ಗಿ ಗಾಜನ್ನು ಸೀಳುತ್ತದೆ. ಯಾವುದಕ್ಕೆ ಬಿಸಿ ತಾಗಿತೋ ಅದೊಂದರಿಂದ ಮಾತ್ರ ನೀರು ಚಿಮ್ಮುತ್ತದೆ.

ಬೆಂಗಳೂರು ಕಲಿತ ಪಾಠ

ಬ್ರೂಕ್‌ಫೀಲ್ಡಿನಿಂದ ಮಾರತಹಳ್ಳಿಗೆ ಹೋಗಿ ಹಳೆ ವಿಮಾನ ನಿಲ್ದಾಣ ರಸ್ತೆ ಹಿಡಿದು ನಗರದ ಕಡೆಗೆ ಸಾಗಿದರೆ ಕಾರ್ಲ್‌ಟನ್ ಟವರ್ಸ್ ಎಂಬ ಏಳು ಅಂತಸ್ತಿನ ಕಟ್ಟಡ ಸಿಗುತ್ತದೆ. 2010ರ ಫೆಬ್ರವರಿ 23ರಂದು ಅಲ್ಲಿ ಬೆಂಕಿ ಕಾಣಿಸಿಕೊಂಡಿತು. ವಿದ್ಯುತ್ ತಂತಿಗಳು ಮಹಡಿಯಿಂದ ಮಹಡಿಗೆ ಹೋಗುವ ಡಕ್ಟಿನಲ್ಲಿ ಹತ್ತಿದ ಬೆಂಕಿ ಅದು. ಅಂಥ ಉದ್ದನೆಯ ಡಕ್ಟು ಹಳ್ಳಿಮನೆಯ ಒಲೆಯ ಮೇಲಿನ ಚಿಮಣಿಯಂತೆ ಕೆಲಸ ಮಾಡುತ್ತದೆ, ಹೊಗೆಯನ್ನು ಸೆಳೆದು ಮೇಲಕ್ಕೆ ಕಳುಹಿಸುತ್ತದೆ. ಹೊಗೆ ಅಡ್ಡಡ್ಡಲಾಗಿ ಹರಡುವುದಕ್ಕಿಂತ ಎಷ್ಟೋ ಬೇಗ ಮೇಲಕ್ಕೆ ಏರುತ್ತದೆ. ಅಂದು ಮೇಲಿನ ಮಹಡಿಗಳು ಹೊಗೆಯಿಂದ ತುಂಬಿಕೊಂಡವು. ಹೊರಹೋಗುವ ತುರ್ತು ದಾರಿಗಳು ಮುಚ್ಚಿದ್ದವೆಂದು ಆಗ ವರದಿಯಾಯಿತು. ಒಂಬತ್ತು ಜನ ಪ್ರಾಣ ಕಳೆದುಕೊಂಡರು.

ಇದನ್ನು ಹೇಳುವುದು ನಿಮ್ಮನ್ನು ಹೆದರಿಸಲು ಅಲ್ಲ. ಅಂದು ತಮ್ಮವರನ್ನು ಕಳೆದುಕೊಂಡ ಕುಟುಂಬಗಳು ಅತ್ತು ಸುಮ್ಮನಾಗಲಿಲ್ಲ. ಮತ್ತೊಂದು ಮನೆಗೆ ಈ ದುಃಖ ಬರಬಾರದೆಂದು ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿ, ಅಗ್ನಿ ಸುರಕ್ಷತೆಯ ಬಗ್ಗೆ ಜನರಿಗೆ ತಿಳಿಹೇಳುತ್ತಾ ಬಂದಿದ್ದಾರೆ. ಅವರ ಮಾತಿಗೆ ನಾವು ಕಿವಿಗೊಡಬೇಕು. ಗಂಟೆ ಸಮಯ ಗಳಿಸಿಕೊಟ್ಟರೂ, ದಾರಿ ಮುಚ್ಚಿದ್ದರೆ ಆ ಸಮಯ ವ್ಯರ್ಥ.

ನಮ್ಮ ಸುತ್ತ ಹೀಗೆ ಸಮಯವನ್ನು ಪೋಲು ಮಾಡುವ ಅಭ್ಯಾಸಗಳು ಅನೇಕ. ಮನೆಯ ಒಳಾಂಗಣ ಕೆಲಸ ನಡೆಯುವಾಗ ಮರದ ಹುಡಿ, ಧೂಳು ಹೋಗದಿರಲೆಂದು ಡಬ್ಬಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕುತ್ತಾರೆ, ಕೆಲಸ ಮುಗಿದ ಮೇಲೆ ತೆಗೆಯಲು ಮರೆಯುತ್ತಾರೆ. ಮುಚ್ಚಳವಿದ್ದರೆ ಹೊಗೆ ಒಳಗೆ ಹೋಗುವುದೇ ಇಲ್ಲ. ಮೆಟ್ಟಿಲ ಬಳಿ ಸೈಕಲ್, ಚಪ್ಪಲಿ ಸ್ಟ್ಯಾಂಡು, ಹಳೆ ಸೋಫಾ ಇಡುತ್ತಾರೆ. ತಾನಾಗಿ ಮುಚ್ಚಿಕೊಂಡು ಹೊಗೆ ತಡೆಯಬೇಕಾದ ಫೈರ್ ಡೋರಿಗೆ ಹೂಕುಂಡ ಅಡ್ಡವಿಟ್ಟು ಸದಾ ತೆರೆದಿಡುತ್ತಾರೆ. ಧೂಳಿನಿಂದಲೋ, ಒಳಹೊಕ್ಕ ಹುಳದಿಂದಲೋ ಎರಡು ಸಲ ಸುಮ್ಮಸುಮ್ಮನೆ ಗಂಟೆ ಹೊಡೆದರೆ ಮೂರನೆಯ ಸಲ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಇದು ಎಲ್ಲಕ್ಕಿಂತ ಕೆಟ್ಟದ್ದು. ಮದ್ದು ಗಂಟೆಯ ಬಾಯಿ ಕಟ್ಟುವುದಲ್ಲ, ಡಬ್ಬಿಯನ್ನು ಕಾಲಕಾಲಕ್ಕೆ ಸ್ವಚ್ಛ ಮಾಡಿಸಿ ಪರೀಕ್ಷೆ ಮಾಡಿಸುವುದು.

ಗಂಟೆ ಕೇಳಿಸಿದರೆ

ನೆನಪಿಡಬೇಕಾದ ಮಾತುಗಳು ಕೆಲವೇ. ಗಂಟೆ ಕೇಳಿದ ಕೂಡಲೇ ಹೊರಡಿ. ಬ್ಯಾಗು, ಟ್ಯಾಬು, ಆಟಿಕೆ ಹುಡುಕುತ್ತಾ ನಿಲ್ಲಬೇಡಿ. ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿಯಿದ್ದರೆ ತೆರೆಯಬೇಡಿ, ಬೇರೆ ದಾರಿ ಹಿಡಿಯಿರಿ. ಲಿಫ್ಟು ಬೇಡ. ಕರೆಂಟು ಹೋದರೆ ಅದು ನಡುವೆ ನಿಲ್ಲುತ್ತದೆ, ಅದರ ಓಣಿಯಲ್ಲಿ ಹೊಗೆಯೂ ಏರಬಹುದು. ಮೆಟ್ಟಿಲಿನಲ್ಲಿ ಒಂದೇ ಬದಿಯಿಂದ, ತಳ್ಳಾಡದೆ ಇಳಿಯಿರಿ. ಹೊಗೆ ತುಂಬಿದ್ದರೆ ಬಗ್ಗಿ, ಬೇಕಾದರೆ ತೆವಳಿ. ಬಿಸಿ ಹೊಗೆ ಮೇಲಿರುವುದರಿಂದ ನೆಲದ ಹತ್ತಿರದ ಗಾಳಿ ಹೆಚ್ಚು ಹೊತ್ತು ಶುದ್ಧವಾಗಿರುತ್ತದೆ. ಹೊರಗೆ ಬಂದ ಮೇಲೆ ಎಲ್ಲರೂ ಸೇರುವ ಅಸೆಂಬ್ಲಿ ಪಾಯಿಂಟಿನಲ್ಲೇ ನಿಲ್ಲಿ. ಏನೇ ಮರೆತಿದ್ದರೂ ಮತ್ತೆ ಒಳಗೆ ಹೋಗಬೇಡಿ. 112ಕ್ಕೋ 101ಕ್ಕೋ ಕರೆ ಮಾಡಿ ವಿಳಾಸವನ್ನೂ ಹತ್ತಿರದ ಗುರುತನ್ನೂ ನಿಧಾನವಾಗಿ ಹೇಳಿ.

ಡಬ್ಬಿಗಿಂತ ಮೊದಲೇ ನೀವೇ ಬೆಂಕಿ ಕಂಡರೆ? ಮೆಟ್ಟಿಲ ಬಳಿಯ ಗೋಡೆಯಲ್ಲಿ ಒಂದು ಕೆಂಪು ಪೆಟ್ಟಿಗೆ ಇರುತ್ತದೆ. ಅದರ ಗಾಜನ್ನು ಒಡೆದರೆ ಅಥವಾ ಒತ್ತಿದರೆ ಇಡೀ ಕಟ್ಟಡಕ್ಕೆ ಗಂಟೆ ಕೇಳುತ್ತದೆ. ಆಟಕ್ಕೆ ಎಂದೂ ಮುಟ್ಟಬೇಡಿ, ಬೆಂಕಿ ಕಂಡರೆ ಎಂದೂ ಹಿಂಜರಿಯಬೇಡಿ.

ಈ ವಾರ ಒಂದು ಕೆಲಸ ಮಾಡುತ್ತೀರಾ? ನಿಮ್ಮ ಮಹಡಿಯಿಂದ ಕೆಳಗಿಳಿಯುವ ಮೆಟ್ಟಿಲುಗಳು ಎಷ್ಟು, ಎಲ್ಲೆಲ್ಲಿ ಎಂದು ಹುಡುಕಿ, ಮನೆಯವರ ಜೊತೆ ಕೊನೆಯವರೆಗೂ ಇಳಿದು ನೋಡಿ. ದಾರಿಯಲ್ಲಿ ಬೀಗ ಹಾಕಿದ ಬಾಗಿಲು, ಸಾಮಾನಿನ ರಾಶಿ, ಮುಚ್ಚಳ ತೆಗೆಯದ ಡಬ್ಬಿ ಕಂಡರೆ ಬರೆದುಕೊಳ್ಳಿ. ಸೆಕ್ಯುರಿಟಿ ಅಂಕಲ್ ಹತ್ತಿರ ಪ್ಯಾನೆಲ್ ತೋರಿಸಲು ಕೇಳಿ, ಉರಿಯುತ್ತಿರುವುದು ಹಸಿರು ದೀಪವೋ ಹಳದಿಯೋ ನೋಡಿ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಲ್ಲೆಲ್ಲ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಸಿಡಿದ ಹಡಗಿನ ಬೆಂಕಿಯನ್ನು ಆರಿಸುತ್ತಾ ಜೀವ ತೆತ್ತ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗಾಗಿ ಅದನ್ನು ಆಚರಿಸುತ್ತಾರೆ. ಆ ವಾರ ಬರುವುದರೊಳಗೆ ನೀವು ಬರೆದುಕೊಂಡ ಪಟ್ಟಿಯನ್ನು ಅಪಾರ್ಟ್‌ಮೆಂಟಿನ ಸಂಘಕ್ಕೋ ಶಾಲೆಯ ಮುಖ್ಯೋಪಾಧ್ಯಾಯರಿಗೋ ಕೊಡಿ. ಕೊಡುವಾಗ, “ನಮ್ಮಲ್ಲಿ ಮಾಕ್ ಡ್ರಿಲ್ ಯಾವಾಗ?” ಎಂದು ಕೇಳಿ. ದಿನಾಂಕ ಹೇಳುವವರೆಗೂ ಬಿಡಬೇಡಿ.